ಮಂತ್ರಿಯ ಮುಂದಿನ ಕಾಲಾಳು

ನನ್ನ ವಯಸ್ಸಿನವರು ರಾಜನ ಮುಂದಿನ ಕಾಲಾಳನ್ನು ಮುಟ್ಟುವುದನ್ನೇ ಬಿಟ್ಟುಬಿಟ್ಟಿದ್ದಾರೆ. ಹಿರಿಯರ ಚೆಸ್ ಟೂರ್ನಮೆಂಟುಗಳಲ್ಲಿ ನನಗೆ ಕರಿಕಾಯಿ ಬಂದಾಗಲೆಲ್ಲ ಇದೇ ಕಥೆ. ಎದುರಿನವರ ಕೈ ಹಲಗೆಯ ನಡುವಿಗೆ ಬರುತ್ತದೆ, ರಾಜನ ನೇರಕ್ಕೆ ಒಂದು ಗಳಿಗೆ ತಡೆಯುತ್ತದೆ, ನನ್ನಲ್ಲಿ ಆಸೆ ಹುಟ್ಟಿಸುತ್ತದೆ, ಆಮೇಲೆ ಒಂದು ಮನೆ ಪಕ್ಕಕ್ಕೆ ಸರಿದು ಮಂತ್ರಿಯ ಮುಂದಿನ ಕಾಲಾಳನ್ನೆತ್ತಿ ಎರಡು ಮನೆ ಆಚೆ ಇಡುತ್ತದೆ. ಹಿಂದಿನ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನಾನು ಕಣ್ಣಿಗೆ ಔಷಧಿ ಬಿಟ್ಟುಕೊಂಡು ಓದಿದ್ದ ಸಿಸಿಲಿಯನ್ ಡಿಫೆನ್ಸ್ ಅಷ್ಟೂ ಅಲ್ಲಿಗೆ ದಂಡ. ಬಿಳಿಯವರು ರಾಜನ ಕಾಲಾಳನ್ನು ನಡೆಸಿದರೆ ತಾನೇ ಸಿಸಿಲಿಯನ್ನಿಗೆ ಬೆಲೆ? ಮದುವೆಗೆಂದು ಹೊಲಿಸಿದ ಕೋಟಿನಂತೆ ಅದು ನನ್ನ ತಲೆಯ ಬೀರುವಿನಲ್ಲೇ ಉಳಿದಿದೆ.

ಚೆಸ್ ಆಡದವರಿಗೆ ಈ ಸಂಕಟ ಅರ್ಥವಾಗಬೇಕಾದರೆ ಇಷ್ಟು ಹೇಳಬೇಕು. ಆಟ ಶುರುಮಾಡಲು ಬಿಳಿಗೆ ಇಪ್ಪತ್ತು ನಡೆಗಳು ಸಾಧ್ಯ. ಹೆಚ್ಚಿನವರು ಆರಿಸುವುದು ನಡುವಿನ ಎರಡರಲ್ಲಿ ಒಂದನ್ನು. ರಾಜನ ಮುಂದಿನ ಕಾಲಾಳು ಎರಡು ಮನೆ ಹೋಯಿತೋ, ಒಂಟೆಗೂ ದಾರಿ, ಮಂತ್ರಿಗೂ ದಾರಿ. ಆದರೆ ಆ ಕಾಲಾಳಿಗೆ ಮಾತ್ರ ಹಿಂದೆ ಮುಂದೆ ಯಾರೂ ದಿಕ್ಕಿಲ್ಲ. ನಾಲ್ಕೈದು ನಡೆಯಲ್ಲಿ ಹೊಡೆದಾಟ. ಮಂತ್ರಿಯ ಕಾಲಾಳು ಹಾಗಲ್ಲ. ಅದು ಎರಡು ಮನೆ ಹೋಗಿ ನಿಂತರೂ ಅದರ ಬೆನ್ನಿಗೆ ಮಂತ್ರಿ ಇದ್ದೇ ಇರುತ್ತಾನೆ. ಬೆನ್ನಿಗೆ ಮಂತ್ರಿ ಇದ್ದವರ ಗತ್ತು ನಮ್ಮ ರಾಜ್ಯದಲ್ಲಿ ಯಾರಿಗೆ ಗೊತ್ತಿಲ್ಲ!

ಹೀಗಾಗಿ ನಾನೊಂದು ಸಿದ್ಧಾಂತ ಕಟ್ಟಿದ್ದೆ. ಇದು ನಿವೃತ್ತರ ನಡೆ. ಮೂವತ್ತು ಮೂವತ್ತೈದು ವರ್ಷ ಮೇಲಿನವರ ಸಹಿ ಬೀಳದೆ ಒಂದು ಕಡತವನ್ನೂ ಮುಂದಿನ ಮೇಜಿಗೆ ಕಳಿಸದವರು, ಬೆಂಬಲವಿಲ್ಲದ ಕಾಲಾಳನ್ನು ಎರಡು ಮನೆ ಮುಂದಕ್ಕೆ ಕಳಿಸಿಯಾರೆ? ಈ ಸಿದ್ಧಾಂತವನ್ನು ಹೆಂಡತಿಗೆ ವಿವರಿಸಿದೆ. ಅವಳು ಅವರೆಕಾಳು ಸುಲಿಯುತ್ತಾ, "ನೀವೂ ನಿವೃತ್ತರೇ ಅಲ್ಲವಾ?" ಅಂದಳು. ಮುಂದುವರಿಸಲಿಲ್ಲ.

ದಾವಣಗೆರೆಯ ಟೂರ್ನಮೆಂಟಿಗೆ ಹೋದಾಗ ಸಿದ್ಧಾಂತ ಇನ್ನೂ ಗಟ್ಟಿಯಾಗಿತ್ತು. ಒಂದು ಕಲ್ಯಾಣ ಮಂಟಪದ ಊಟದ ಹಾಲ್. ಉದ್ದನೆಯ ಊಟದ ಮೇಜುಗಳ ಮೇಲೆ ಬಿಳಿ ಕಾಗದದ ಸುರುಳಿಯ ಬದಲು ಹಸಿರು-ಬಿಳಿ ಚೌಕಗಳ ಪ್ಲಾಸ್ಟಿಕ್ ಹಾಳೆಗಳು. ಸುರುಳಿ ಸುತ್ತಿ ತಂದಿದ್ದರಿಂದ ಅಂಚು ಮಡಚಿಕೊಂಡು ಮೂಲೆಯ ಆನೆಗಳು ವಾಲಿದ್ದವು. ಗೋಡೆಯ ಮೇಲೆ ಹಿಂದಿನ ಮದುವೆಯ ಥರ್ಮೋಕೋಲ್ ಅಕ್ಷರಗಳಲ್ಲಿ ವಧುವಿನ ಹೆಸರು ಪೂರ್ತಿ, ವರನದು ಅರ್ಧ. ಬಾಗಿಲಲ್ಲಿ ಮೊಬೈಲುಗಳನ್ನು ಇಸಿದುಕೊಳ್ಳಲು ಒಂದು ಬುಟ್ಟಿ. ಆರ್ಬಿಟರ್ ಹುಡುಗಿಗೆ ನನ್ನ ಮಗಳ ವಯಸ್ಸು. "ಅಂಕಲ್, ಮುಟ್ಟಿದ ಕಾಯಿ ನಡೆಸಲೇಬೇಕು. ಸರಿಮಾಡಿ ಇಡುವುದಾದರೆ ಮೊದಲೇ ಹೇಳಿ ಮುಟ್ಟಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಎಲ್ಲರಿಗೂ ಕೇಳಲಿಲ್ಲ. ಆದ್ದರಿಂದ ಮತ್ತೊಮ್ಮೆ ಹೇಳಿದಳು.

ಮಹಡಿಯ ಮೇಲೆ ಅದೇ ದಿನ ಮಕ್ಕಳ ಟೂರ್ನಮೆಂಟು. ಅಲ್ಲಿ ಬಾಗಿಲ ಹೊರಗೆ ಅಪ್ಪ ಅಮ್ಮಂದಿರು ನೀರಿನ ಬಾಟಲಿ, ಚಕ್ಕುಲಿ ಡಬ್ಬ ಹಿಡಿದು ನಿಂತಿದ್ದರು. ಒಳಗೆ ಮಕ್ಕಳು ಐದು ನಿಮಿಷಕ್ಕೆ ಆಟ ಮುಗಿಸಿ ಗೆದ್ದವರೂ ಅಳುತ್ತಾ ಹೊರಬರುತ್ತಿದ್ದರು. 2024ರಲ್ಲಿ ಗುಕೇಶ್ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದ ಮೇಲೆ ಆ ಮಕ್ಕಳಿಗೆ ಹತ್ತು ವರ್ಷವೆಂದರೆ ಆಗಲೇ ತಡ. ನಮ್ಮ ಹಾಲಿನ ಹೊರಗೆ ಕಾಯುವವರು ಯಾರೂ ಇರಲಿಲ್ಲ. ಬುಟ್ಟಿಯೊಳಗಿನ ಆರಿದ ಮೊಬೈಲುಗಳಿಗೆ ಮಕ್ಕಳು ಬೆಂಗಳೂರಿನಿಂದ ಫೋನು ಮಾಡುತ್ತಿದ್ದರೇನೋ.

ಚೆಸ್ ಒಂದರಲ್ಲೇ ಐವತ್ತಕ್ಕೆ ಮನುಷ್ಯ ಮತ್ತೆ ಹುಡುಗನಾಗುವುದು. ಹಿರಿಯರ ವಿಶ್ವ ಚಾಂಪಿಯನ್‌ಷಿಪ್ 1991ರಲ್ಲಿ ಜರ್ಮನಿಯ ಬಾಟ್ ವೋರಿಸ್‌ಹೋಫೆನ್ನಿನಲ್ಲಿ ಶುರುವಾದಾಗ ಗಂಡಸರಿಗೆ ಅರವತ್ತು ತುಂಬಬೇಕಿತ್ತು. ಮೊದಲ ವರ್ಷ ಗೆದ್ದವರು ವಾಸಿಲಿ ಸ್ಮಿಸ್ಲಾವ್. 1957ರಲ್ಲಿ ಬಾಟ್ವಿನಿಕ್‌ರನ್ನು ಸೋಲಿಸಿ ಎಲ್ಲರಿಗೂ ಚಾಂಪಿಯನ್ ಆಗಿದ್ದ ಅದೇ ಸ್ಮಿಸ್ಲಾವ್. 2014ರಿಂದ ಐವತ್ತು ದಾಟಿದವರದು ಒಂದು ಗುಂಪು, ಅರವತ್ತೈದು ದಾಟಿದವರದು ಇನ್ನೊಂದು. ಲೆಕ್ಕದ ಪ್ರಕಾರ ನಮ್ಮ ವಿಶ್ವನಾಥನ್ ಆನಂದ್ ಕೂಡ ಈಗ ಹಿರಿಯರೇ. ಡೆನ್ಮಾರ್ಕಿನ ಯೆನ್ಸ್ ಕ್ರಿಸ್ಟಿಯಾನ್ಸನ್ ಎಂಬುವರು 2012ರಲ್ಲಿ ಹಿರಿಯರ ವಿಶ್ವ ಚಾಂಪಿಯನ್ ಆದರು. ಆ ಗೆಲುವಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿಯೂ ಜೊತೆಗೇ ಬರುತ್ತದೆ, ಅವರಿಗಾಗ ಅರವತ್ತು. ಆ ಸುದ್ದಿ ಓದಿದ ದಿನ ನಾನು ಮೊಣಕಾಲಿನ ಎಣ್ಣೆ ಹಚ್ಚುವುದನ್ನು ಅರ್ಧಕ್ಕೇ ಬಿಟ್ಟು ಹಲಗೆ ಹರಡಿದ್ದೆ.

ದಾವಣಗೆರೆಯಲ್ಲಿ ನನ್ನ ಎದುರಿಗೆ ಕೂತವರು ಧಾರವಾಡ ಕಡೆಯ ನಿವೃತ್ತ ಗಣಿತದ ಮೇಷ್ಟ್ರು. ಅರವತ್ತೈದನ್ನು ದಾಟಿ ಬಹಳ ಮುಂದೆ ಹೋದವರು. ಬಿಳಿ ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಪಕ್ಕದ ಕುರ್ಚಿಯ ಮೇಲೆ ಒಂದು ಫ್ಲಾಸ್ಕು, ಒಂದು ಮಾತ್ರೆ ಡಬ್ಬ. ಕೂತ ಮೇಲೆ ಮೊದಲು ಮಾಡಿದ ಕೆಲಸ, ಕಿವಿಯ ಯಂತ್ರವನ್ನು ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡದ್ದು. "ಗದ್ದಲಾ ಭಾಳ ರೀ," ಅಂದರು. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೈಕುಲುಕಿದರು, ಗಡಿಯಾರ ಒತ್ತಿದೆ, ಅವರ ಕೈ ಹಲಗೆಯ ನಡುವಿಗೆ ಬಂತು. ಮುಂದಿನದನ್ನು ಹೇಳಬೇಕಾಗಿಲ್ಲ.

ಎರಡನೆಯ ನಡೆ ಕುದುರೆ, ಮೂರನೆಯದು ಒಂಟೆ. ಮಂತ್ರಿಯ ಬದಿಯ ಒಂಟೆ ಹೊರಬಂದು ನಾಲ್ಕನೇ ಸಾಲಿನಲ್ಲಿ ನಿಂತಿತು. ಇದಕ್ಕೆ ಲಂಡನ್ ಸಿಸ್ಟಮ್ ಎನ್ನುತ್ತಾರೆ; 1922ರ ಲಂಡನ್ ಟೂರ್ನಮೆಂಟಿನಿಂದ ಬಂದ ಹೆಸರು. ಒಂಟೆ ಆಚೆ ಹೋದ ಮೇಲೆ ಎಡಕ್ಕೊಂದು ಬಲಕ್ಕೊಂದು ಕಾಲಾಳನ್ನು ಒಂದೊಂದು ಮನೆ ಏರಿಸಿ ನಡುವಿನ ಕಾಲಾಳಿಗೆ ಊರೆ ಕೊಡುತ್ತಾರೆ. ಎದುರಿನವರು ಏನಾದರೂ ಆಡಲಿ, ಬಿಳಿಯ ಮೊದಲ ಏಳೆಂಟು ನಡೆ ಇವೇ. ಮೇಷ್ಟ್ರು ನನ್ನ ಕಡೆ ನೋಡುವ ಗೋಜಿಗೂ ಹೋಗದೆ ಅವನ್ನೆಲ್ಲ ಆಡಿ, ಪ್ರತಿ ನಡೆಯನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು, ಫ್ಲಾಸ್ಕಿನ ಮುಚ್ಚಳ ತೆಗೆದರು. ನಾನು ಒಂಟೆಗೆ ಒಂಟೆ ಒಡ್ಡಿ ಜಗಳಕ್ಕೆ ಕರೆದೆ. ಅವರು ತಮ್ಮದನ್ನು ಒಂದು ಮನೆ ಹಿಂದಕ್ಕೆಳೆದರು. ಮೂಲೆಯ ಪಕ್ಕದಲ್ಲಿ ಅದಕ್ಕೆ ಅಡಗಲು ಒಂದು ಮನೆಯನ್ನು ಕಾಲಾಳು ಸರಿಸಿ ಮೊದಲೇ ಸಿದ್ಧಮಾಡಿಟ್ಟಿದ್ದರು. ನನಗೆ ಮೈಯುರಿಯಿತು.

ಆದರೆ ನಿಧಾನದ ಆಟವೆಂದರೆ ನನಗೇನೂ ಹೊಸದಲ್ಲ. ನಾನು ಚದುರಂಗ ಕಲಿತದ್ದು ಜಗಲಿಯ ಮೇಲೆ, ಅಜ್ಜನ ಕೈಯಲ್ಲಿ. ಅಜ್ಜನ ಆಟದಲ್ಲಿ ಯಾವ ಕಾಲಾಳಿಗೂ ಎರಡು ಮನೆಯ ಹಾರಾಟವಿರಲಿಲ್ಲ, ಒಂದೊಂದೇ ಹೆಜ್ಜೆ. ರಾಜ ಕೋಟೆ ಕಟ್ಟುವಂತಿರಲಿಲ್ಲ. ಬದಲಿಗೆ ಆಟದಲ್ಲಿ ಒಮ್ಮೆ ಅವನು ಕುದುರೆಯ ನೆಗೆತ ನೆಗೆಯಬಹುದಿತ್ತು. ಬೆಳಗಿನ ಕಾಫಿಗೆ ಶುರುವಾದ ಆಟದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಸೈನ್ಯಗಳು ಆಗಷ್ಟೇ ಮುಖ ನೋಡಿಕೊಂಡಿರುತ್ತಿದ್ದವು. ಅಜ್ಜ ನಡುವೆ ಎದ್ದು ತೋಟಕ್ಕೆ ಹೋಗಿ ಅಡಿಕೆ ನೋಡಿ ಬರುತ್ತಿದ್ದರು. ನಾನು ಅಲ್ಲೇ ಕೂತು ಕಾಯುತ್ತಿದ್ದೆ. ಬಂದವರು ಹಲಗೆ ನೋಡಿ, "ಆನೆ ಮೊದಲು ಇಲ್ಲೇ ಇತ್ತೇನೋ?" ಎಂದು ಕೇಳುವರು. ಇರುತ್ತಿರಲಿಲ್ಲ.

ಬಹಳ ವರ್ಷಗಳ ಮೇಲೆ ಮೀರ್ ಸುಲ್ತಾನ್ ಖಾನ್ ಕಥೆ ಓದಿದಾಗ ಅಜ್ಜನ ಜಗಲಿ ಕಣ್ಣಮುಂದೆ ಬಂತು. ಪಂಜಾಬಿನ ಹಳ್ಳಿಯವರು, ಒಂದೊಂದೇ ಹೆಜ್ಜೆಯ ಹಿಂದೂಸ್ತಾನಿ ಆಟದಲ್ಲೇ ಬೆಳೆದವರು. ಲಂಡನ್ನಿಗೆ ಹೋಗುವ ಕೆಲವೇ ವರ್ಷ ಮೊದಲು ಯುರೋಪಿನ ನಿಯಮ ಕಲಿತರು. 1929ರಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ದ ಧಣಿ ಸರ್ ಉಮರ್ ಹಯಾತ್ ಖಾನ್. ಅದೇ ವರ್ಷ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆದರು, ಮತ್ತೆ 1932 ಮತ್ತು 1933ರಲ್ಲೂ ಆದರು. ಅವರ ಹೆಸರು ಉಳಿಸಿದ ಆಟ 1930-31ರ ಹೇಸ್ಟಿಂಗ್ಸ್ ಟೂರ್ನಮೆಂಟಿನದು. ಎದುರಿಗೆ ಕಾಪಾಬ್ಲಾಂಕ, ಯಂತ್ರವೇ ಮನುಷ್ಯರೂಪ ತಾಳಿದೆ ಎಂದು ಜನ ನಂಬಿದ್ದ ಮಾಜಿ ವಿಶ್ವ ಚಾಂಪಿಯನ್. ಸುಲ್ತಾನ್ ಖಾನ್ ಎರಡನೆಯ ನಡೆಯಲ್ಲೇ ಮಂತ್ರಿಯ ಕಾಲಾಳನ್ನು ನೂಕಿದರು. ಆಮೇಲೆ ಅರವತ್ತು ನಡೆ ದಾಟುವವರೆಗೂ ಹಿಡಿತ ಸಡಿಲಿಸಲಿಲ್ಲ. ಕಾಪಾಬ್ಲಾಂಕ ಕೈಚೆಲ್ಲಿದರು. ಧಣಿಯ ಜೊತೆ ಊರಿಗೆ ವಾಪಸಾದ ಮೇಲೆ ಸುಲ್ತಾನ್ ಖಾನ್ ದೊಡ್ಡ ಚೆಸ್ಸಿನಿಂದ ದೂರವೇ ಉಳಿದರು, 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಕೊಡುವುದಕ್ಕೆ ಅಷ್ಟು ವರ್ಷ ಯೋಚಿಸಿದವರ ಎದುರು ನಮ್ಮ ಅಜ್ಜನೂ ಚುರುಕಿನವರೇ.

ಮೇಷ್ಟ್ರ ಕುದುರೆಯ ವಿಷಯಕ್ಕೆ ಬರೋಣ. ಹತ್ತನೆಯ ನಡೆಯ ಆಸುಪಾಸಿನಲ್ಲಿ ಅದು ನನ್ನ ನೆಲದ ನಡುವಿಗೆ ಬಂದು ಕೂತಿತು. ಓಡಿಸಿದೆ, ಹಿಂದೆ ಹೋಯಿತು. ಸುಮ್ಮನಾದೆ, ಇನ್ನೊಂದು ಕಡೆಯಿಂದ ಬಂತು. ಆ ಕುದುರೆಗೆ ಒಂದು ಉದ್ದೇಶವಿದೆ ಎಂದು ತಿಳಿಯಲು ಹೊರಟು ನಾನು ಇಪ್ಪತ್ತು ನಿಮಿಷ ಕಳೆದೆ. ಕಳೆದ ನಿಮಿಷಗಳಲ್ಲಿ ನೆನಪಾದದ್ದು ನಡೆಯಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರು. ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸುವುದು ಆ ಮಹಾರಾಜರಿಗೆ ದೊಡ್ಡ ಹವ್ಯಾಸ. ಆಡಳಿತವನ್ನು ಬ್ರಿಟಿಷರು 1831ರಲ್ಲೇ ಕೈಗೆ ತೆಗೆದುಕೊಂಡಿದ್ದರು. ಅರಮನೆಯಲ್ಲಿ ರಾಜ, ಕೈಯಲ್ಲಿ ಮರದ ಕುದುರೆ. ಮಿಕ್ಕ ಹೊತ್ತನ್ನು ಆಟಗಳಿಗೆ, ಗ್ರಂಥಗಳಿಗೆ, ಚಿತ್ರಗಳಿಗೆ ಕೊಟ್ಟರು. ಕೆಲಸವಿಲ್ಲದವರು ಚದುರಂಗಕ್ಕೆ ಬರುತ್ತಾರೆ ಎಂದು ಮೂಗು ಮುರಿಯುವವರು ಅವರ ಬಂಧಗಳಲ್ಲಿ ಒಂದನ್ನು ಬಿಡಿಸಿ ನೋಡಲಿ. ನಾನು ನೋಡಿದ್ದೇನೆ. ನಲವತ್ತು ದಾಟಿದ ಮೇಲೆ ಕುದುರೆಗೆ ಕಾಲಿಡಲು ಜಾಗ ಸಿಗುವುದಿಲ್ಲ.

ಮಂತ್ರಿಯ ಕಾಲಾಳಿನ ಆಟ ಬೇಸರ ತರಿಸುತ್ತದೆಂದು ದೂರಿದವನು ನಾನೇ ಮೊದಲಿಗನೂ ಅಲ್ಲ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕ ಮತ್ತು ಅಲೆಖಿನ್ ವಿಶ್ವ ಪಟ್ಟಕ್ಕಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಕೂತರು. ಒಟ್ಟು 34 ಆಟ. ಅದರಲ್ಲಿ 32 ಆಟ ಮಂತ್ರಿಯ ಕಾಲಾಳಿನ ಒಂದೇ ಓಪನಿಂಗ್, ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್! ಪತ್ರಿಕೆಗಳಿಗೆ ದಿನವೂ ಅದನ್ನು ಬರೆದು ಕಳಿಸಿದ ವರದಿಗಾರರಿಗೆ ನನ್ನ ಪೂರ್ಣ ಸಹಾನುಭೂತಿಯಿದೆ. ಆದರೆ ಇದೇ ಓಪನಿಂಗ್ ಚಪ್ಪಾಳೆಯನ್ನೂ ಗಿಟ್ಟಿಸಿದೆ. 1972ರ ವಿಶ್ವ ಪಟ್ಟದ ಪಂದ್ಯದಲ್ಲಿ, ರೇಕ್ಯವಿಕ್‌ನ ಆರನೆಯ ಆಟದಲ್ಲಿ, ಅಲ್ಲಿಯವರೆಗೆ ಬಹುಪಾಲು ರಾಜನ ಕಾಲಾಳಿಗೇ ಅಂಟಿಕೊಂಡಿದ್ದ ಫಿಷರ್, ಒಂಟೆಯ ಕಾಲಾಳಿನಿಂದ ಶುರುಮಾಡಿ ಮೂರನೆಯ ನಡೆಗೆ ಮಂತ್ರಿಯ ಕಾಲಾಳನ್ನು ಮುಂದಿಟ್ಟು ಈ ಹಾದಿಗೆ ಬಂದರು. ಸೋತ ಸ್ಪಾಸ್ಕಿ ಜನರ ಜೊತೆ ತಾವೂ ಚಪ್ಪಾಳೆ ತಟ್ಟಿದರು. ಎದುರಾಳಿಗೆ ಚಪ್ಪಾಳೆ ತಟ್ಟುವಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ. ಆ ಮಧ್ಯಾಹ್ನವಂತೂ ಬರುವ ಲಕ್ಷಣವೇ ಇರಲಿಲ್ಲ.

ಮಧ್ಯಾಹ್ನ ಅಂದೆನಲ್ಲ, ಹಿರಿಯರ ಚೆಸ್ಸಿನಲ್ಲಿ ನಿಜವಾದ ಎದುರಾಳಿ ಅದೇ. ಊಟಕ್ಕೆ ಬೆಣ್ಣೆ ದೋಸೆ ತಿಂದು ಬಂದವರು ಎರಡೂವರೆಗೆ ಹಲಗೆಯ ಮುಂದೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ಯೋಚಿಸುತ್ತಿದ್ದಾರೋ ಮಲಗಿದ್ದಾರೋ ಎಂದು ಎದುರಿನವರಿಗೆ ತಿಳಿಯುವುದು ಪೆನ್ನು ಕೆಳಗೆ ಬಿದ್ದಾಗಲೇ. ತಲಾ ತೊಂಬತ್ತು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡು ಮೇಲಾಯ. ಬಚ್ಚಲಿಗೆ ಹೋದರೂ ಗಡಿಯಾರ ನಿಲ್ಲುವುದಿಲ್ಲ, ಮತ್ತು ಬಚ್ಚಲಿನ ಮುಂದೆ ಯಾವಾಗಲೂ ಸಾಲು. ಒಬ್ಬರು ಸಾಲಿನಲ್ಲಿ ನಿಂತಿದ್ದಾಗಲೇ ಸಮಯ ಮುಗಿದು ಸೋತರು. ಅವರು ಜಗಳವಾಡಲಿಲ್ಲ, ಸಾಲಿನಲ್ಲಿ ತಮ್ಮ ಸರದಿ ಬಿಟ್ಟುಕೊಡಲೂ ಇಲ್ಲ.

ವಯಸ್ಸಿನ ಮೇಲೆ ಎಲ್ಲ ಹೊರಿಸುವುದೂ ನ್ಯಾಯವಲ್ಲ. 1938ರ ನವೆಂಬರ್ 19ರಂದು, ತಮ್ಮ ಐವತ್ತನೆಯ ಹುಟ್ಟುಹಬ್ಬದ ದಿನ, ಕಾಪಾಬ್ಲಾಂಕ ಹಾಲೆಂಡಿನ ಆವ್ರೋ ಟೂರ್ನಮೆಂಟಿನಲ್ಲಿ ಅಲೆಖಿನ್‌ಗೆ ಸೋತರು. ಆ ಟೂರ್ನಮೆಂಟನ್ನು ಊರಿಂದೂರಿಗೆ ಸಾಗಿಸುತ್ತಿದ್ದರು. ವಯಸ್ಸಾದವರು ರೈಲಿನಲ್ಲೇ ಸುಸ್ತಾದರು. ಇನ್ನೊಬ್ಬ ಮಾಜಿ ವಿಶ್ವ ಚಾಂಪಿಯನ್ ಲಾಸ್ಕರ್‌ರನ್ನು ನೋಡಿ: 1935ರ ಮಾಸ್ಕೋದಲ್ಲಿ ಅರವತ್ತಾರನೆಯ ವಯಸ್ಸಿಗೆ ಒಂದೂ ಆಟ ಸೋಲದೆ ಮೂರನೆಯವರಾಗಿ ನಿಂತರು, ಕಾಪಾಬ್ಲಾಂಕರನ್ನೂ ಸೋಲಿಸಿ. ಕೊರ್ಚ್ನಾಯ್ ಅಂತೂ ಎಂಬತ್ತಕ್ಕೆ, 2011ರಲ್ಲಿ, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚಾಂಪಿಯನ್ ಆದರು. ಹಿರಿಯರ ವಿಭಾಗದಲ್ಲಲ್ಲ, ಎಲ್ಲರ ಜೊತೆ ಆಡಿ.

ನಾಲ್ಕು ಗಂಟೆಗೆ ನನ್ನ ಸಹನೆ ಮುಗಿಯಿತು. ಹಲಗೆ ಸಮಸಮವಾಗಿತ್ತು: ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ, ಆರಾರು ಕಾಲಾಳು. ನಿಯಮದಂತೆ ನನ್ನ ನಡೆ ನಡೆಸಿ, ಗಡಿಯಾರ ಒತ್ತುವ ಮೊದಲು ಮೆಲ್ಲಗೆ, "ಡ್ರಾ ಸರ್?" ಅಂದೆ.

ಮೇಷ್ಟ್ರು ತಲೆಯೆತ್ತಿದರು. "ಏನಂದ್ರಿ?"

"ಡ್ರಾ."

"ಚಾ? ಇನ್ನೂ ಬಂದಿಲ್ಲಲ್ರಿ!"

ಸುತ್ತಲಿನ ಹಲಗೆಗಳಿಂದ ತಲೆಗಳು ಎದ್ದವು. ಎರಡು ಮೇಜಿನಾಚೆ ಮಲಗಿದ್ದವರೊಬ್ಬರು ಎಚ್ಚರಗೊಂಡು, "ಚಹಾ ಬಂತಾ?" ಎಂದರು. ಆರ್ಬಿಟರ್ ಹುಡುಗಿ ಬಂದು ತುಟಿಗೆ ಬೆರಳಿಟ್ಟಳು. ನಾನು ನನ್ನ ಹಾಳೆಯಲ್ಲಿ ಡ್ರಾ ಕೇಳಿದ್ದಕ್ಕೆ ಗುರುತಾಗಿ ಬರೆದಿದ್ದ ಸಮ ಚಿಹ್ನೆಯನ್ನು ಬೆರಳಿಂದ ತೋರಿಸಿದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಬಗ್ಗಿ ಅದನ್ನು ನೋಡಿದರು. ಮುಖ ಅರಳಿತು. ನಿಧಾನವಾಗಿ ಕರ್ಚೀಫು ಬಿಚ್ಚಿ, ಕಿವಿಯ ಯಂತ್ರ ಸಿಕ್ಕಿಸಿಕೊಂಡು, ಪಿಸುಮಾತಿನಲ್ಲಿ ಹೇಳಿದರು: "ಹಲಗಿ ಮ್ಯಾಲ ಇನ್ನೂ ಇಷ್ಟ ಮಂದಿ ಇದ್ದಾರ. ಇವರನ್ನೆಲ್ಲಾ ಬಿಟ್ಟು ನಾವು ಎದ್ದು ಹೋಗೂದೇನ್ರಿ?"

ಅಲ್ಲಿಂದ ಮುಂದೆ ಆ ಮಂದಿಯನ್ನು ಒಬ್ಬೊಬ್ಬರನ್ನಾಗಿ ಬೀಳ್ಕೊಟ್ಟೆವು. ಅವರ ಆನೆಗೆ ನನ್ನ ಆನೆ, ಒಂಟೆಗೆ ಒಂಟೆ. ಕಾಲಾಳುಗಳು ಜೋಡಿ ಜೋಡಿಯಾಗಿ ಹಲಗೆಯಿಂದಿಳಿದವು. ಚಹಾ ಬಂತು, ಹೋಯಿತು. ಮಹಡಿಯ ಮಕ್ಕಳು ಬಹುಮಾನ ಹಿಡಿದು ಮನೆಗೆ ಹೋದರು. ಕೊನೆಗೆ ಅವರ ಒಂದು ಕಾಲಾಳು, ನನ್ನ ರಾಜ, ಅವರ ರಾಜ ಉಳಿದರು. ಯಾರಾದರೂ ಕೈಕುಲುಕಿ ಎದ್ದುಬಿಡುವ ಸ್ಥಿತಿ ಅದು. ಮೇಷ್ಟ್ರು ಎದ್ದೇಳಲಿಲ್ಲ. ನಾನು ಆ ಕಾಲಾಳಿನ ಮುಂದೆ ರಾಜನನ್ನು ಅಡ್ಡ ನಿಲ್ಲಿಸಿದೆ, ಸರಿಸಿದೆ, ಮತ್ತೆ ನಿಲ್ಲಿಸಿದೆ. ಅವರು ಕಡೆಗೆ ಅದನ್ನು ನನಗೊಪ್ಪಿಸಿದರು. ಬರೀ ಎರಡು ರಾಜರು ಉಳಿದರೆ ಆ ಕ್ಷಣವೇ ಡ್ರಾ. ಕೈಕೊಟ್ಟ ಮೇಷ್ಟ್ರ ಅಂಗೈ ಬೆಚ್ಚಗಿತ್ತು. ನನಗೆ ಆಶ್ಚರ್ಯವಾದದ್ದೆಂದರೆ, ಕೊನೆಯ ಒಂದೂವರೆ ಗಂಟೆ ನಾನೊಮ್ಮೆಯೂ ಗಡಿಯಾರ ನೋಡಿರಲಿಲ್ಲ, ನಿದ್ದೆಯೂ ಬಂದಿರಲಿಲ್ಲ.

ಆಟ ಮುಗಿದ ಮೇಲಿನ ಆಟಕ್ಕೇ ನಾನು ಟೂರ್ನಮೆಂಟುಗಳಿಗೆ ಹೋಗುವುದು. ಹಾಲಿನಿಂದ ಹೊರಗೆ, ಕೈತೊಳೆಯುವ ನಲ್ಲಿಗಳ ಪಕ್ಕದ ಕಟ್ಟೆಯ ಮೇಲೆ ಹಲಗೆ ಹರಡಿ ಮತ್ತೆ ಮೊದಲಿಂದ ಕಾಯಿ ಜೋಡಿಸಿದೆವು. ಇಬ್ಬರು ಮೂವರು ಬಂದು ಬಗ್ಗಿ ನಿಂತರು. ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದವರಿಗೆ ಈಗ ಎಲ್ಲ ನಡೆಯೂ ಗೊತ್ತಿತ್ತು. ಮೇಷ್ಟ್ರು ಮಂತ್ರಿಯ ಕಾಲಾಳನ್ನು ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಸಿದ್ಧಾಂತವನ್ನು ಹೇಳಿಯೇಬಿಟ್ಟೆ: ನಿವೃತ್ತಿ, ಕಡತ, ಮೇಲಿನವರ ಸಹಿ, ಬೆನ್ನಿಗೆ ನಿಂತ ಮಂತ್ರಿ, ಎಲ್ಲವನ್ನೂ.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಯಂತ್ರ ಕಿವಿಯಲ್ಲೇ ಇತ್ತು. ಆಮೇಲೆ ನಕ್ಕರು. "ಹಂಗೇನಿಲ್ರಿ. ನಾ ಐದನೇತ್ತಾ ಇದ್ದಾಗಿಂದ ಇದನ್ನ ಆಡ್ತೀನಿ. ನಮ್ಮ ಮನ್ಯಾಗಿನ ಸೆಟ್ಟಿನೊಳಗ ಒಂದು ಬಿಳೇ ಪ್ಯಾದೆ ಕಳದಿತ್ತು. ಅದರ ಬದಲಿ ಹುಣಸಿ ಬೀಜ. ಚೌಕಾಬಾರದ್ದು, ಒಂದು ಬಾಜೂ ತಿಕ್ಕಿ ಬೆಳ್ಳಗ ಮಾಡಿರ್ತಾರಲ್ಲ, ಅದು. ನಮ್ಮ ಅಣ್ಣ ಅದನ್ನ ತಂದು ರಾಜನ ಮುಂದ ಇಡಾಂವ. ಅದನ್ನ ಎರಡು ಮನಿ ಮುಂದ ನಡಸಿದೆ ಅಂದ್ರ ಅಂವಾ ಉಫ್ ಅಂತ ಊದಾಂವ. ಬೀಜ ಹಾರಿ ಹೋಗೂದು. ನಿನ್ನ ಪ್ಯಾದೆ ಸತ್ತ್ಹೋತು ಅನ್ನಾಂವ. ಅದಕ್ಕ ನಾನು ಅದನ್ನ ಮುಟ್ಟೂದೇ ಬಿಟ್ಟೆ."

"ಬೀಜವನ್ನ ಮೂಲೆಯ ಆನೆ ಮುಂದೆ ಇಡಬಹುದಿತ್ತಲ್ಲ ಸರ್?"

"ನಾನೂ ಅದನ್ನ ಹೇಳ್ತಿದ್ದೆ. ಹಲಗಿ ಅಂವಂದ್ರಿ."

ಅಂದರೆ ಕಡತವೂ ಇಲ್ಲ, ಸಹಿಯೂ ಇಲ್ಲ. ನಾನು ಇಷ್ಟಕ್ಕೆ ಬಿಡಲಿಲ್ಲ. ನನ್ನ ಸಿದ್ಧಾಂತದ ಒಂದು ಕಾಲು ಮುರಿದರೇನು, ಮಿಕ್ಕ ಮೂರಿದ್ದವಲ್ಲ.

"ನಿಮ್ಮದು ಸರಿ ಸರ್. ಈ ಹಾಲಿನಲ್ಲಿ ಇರುವ ಉಳಿದವರೆಲ್ಲ ಯಾಕೆ ಇದನ್ನೇ ಆಡ್ತಾರೆ?"

"ಅವರವರ ಅಣ್ಣಗೋಳನ್ನ ಕೇಳ್ಬೇಕ್ರಿ," ಎಂದು ಮೇಷ್ಟ್ರು ನನ್ನ ಒಂಟೆಯನ್ನು ಹತ್ತನೆಯ ನಡೆಯ ಜಾಗಕ್ಕೆ ತಾವೇ ತಂದಿಟ್ಟರು. "ಅದಿರ್ಲಿ. ನನ್ನ ಕುದರಿ ನೋಡಿ ಇಲ್ಲಿ ಇಪ್ಪತ್ತು ಮಿನಿಟ್ ಏನ್ ವಿಚಾರ ಮಾಡಿದ್ರಿ, ಅದನ್ನ ಹೇಳ್ರಿ ಮೊದಲು."

ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಎಂದೆ. ಬಗ್ಗಿ ನಿಂತವರಲ್ಲಿ ಒಬ್ಬರು ಮೈಸೂರಿನವರಿದ್ದರು. ಅಲ್ಲಿಗೆ ಮಾತು ಬೇರೆ ಕಡೆ ಹೋಯಿತು.